ಖಾಲಿ ಬಿದ್ದ ಮಹಡಿ ಮನೆ

ಬಡವನಹಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ ನಾನು ಸಮಾಜದ ಮೇಷ್ಟ್ರು. ಅವತ್ತು ಮಹಾಯುದ್ಧದ ಪಾಠ. ನಾಜಿ ಸೈನಿಕರು ಯಹೂದಿಗಳನ್ನು ಹುಡುಕಿ ಹುಡುಕಿ ಕೊಲ್ಲುತ್ತಿದ್ದಾಗ, ಯಾವ ಸಂಬಂಧವೂ ಇಲ್ಲದ ಸಾಧಾರಣ ಜನ ಅವರನ್ನು ತಮ್ಮ ಅಟ್ಟದಲ್ಲಿ ಬಚ್ಚಿಟ್ಟು, ಊಟ ಹಾಕಿ ಉಳಿಸಿದರು ಎಂದೆ. ಅದೇ ಭರದಲ್ಲಿ, "ನೀವಾಗಿದ್ರೆ ಏನು ಮಾಡ್ತಿದ್ರಿ?" ಅಂತ ಕೇಳಿಬಿಟ್ಟೆ.

ಇಡೀ ಕ್ಲಾಸು ಕೈ ಎತ್ತಿತು. ಪ್ರಶ್ನೆ ಕೇಳಿದರೆ ಬೆಂಚಿನ ಕೆಳಗೆ ಹೋಗುವ ತಲೆಗಳೂ ಮೇಲೆದ್ದವು.

ಮುಂದಿನ ಬೆಂಚಿನ ಶ್ವೇತ ಎದ್ದು ನಿಂತಳು. "ಸಾ, ನಮ್ಮ ಮಹಡಿ ಮನೆ ಯುಗಾದಿಯಿಂದ್ಲೂ ಖಾಲಿ ಬಿದ್ದೈತೆ. ಅಲ್ಲೇ ಬಚ್ಚಿಡ್ತೀವಿ. ಯಾರಾದ್ರೇನು ಸಾ, ಮನುಷ್ರಲ್ವಾ?"

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆ ಮಹಡಿ ಮನೆ ನನಗೆ ಗೊತ್ತು. ಹೋದ ಭಾನುವಾರವಷ್ಟೇ ಬಾಡಿಗೆಗೆ ಕೇಳಲು ಹೋಗಿದ್ದೆ. ಅವಳ ಅಪ್ಪ ಕಾಫಿ ತರಲು ಒಳಗೆ ಕೂಗಿ ಹೇಳಿ, "ಮೇಷ್ಟ್ರು ಯಾವ ಪೈಕಿ?" ಅಂದರು. ಬೌದ್ಧರು ಅಂದೆ. "ಅದು ಈಗ. ಅದ್ಕೂ ಮುಂಚೆ?" ಅಂದರು. ಅದನ್ನೂ ಹೇಳಿದೆ. ಕಾಫಿ ಒಳಗೇ ಉಳಿಯಿತು. "ಅಯ್ಯೋ, ನೆನ್ನೆ ತಾನೇ ಬೇರೆಯವ್ರಿಗೆ ಮಾತು ಕೊಟ್ಬುಟ್ಟೆ ಮೇಷ್ಟ್ರೇ" ಎಂದು ಕೈ ಮುಗಿದರು.

ಶ್ವೇತ ಇನ್ನೂ ಕೂತಿರಲಿಲ್ಲ. "ನಿಮ್ಮನ್ನ ಯಾರಾದ್ರೂ ಕೊಲ್ಲಾಕೆ ಬಂದ್ರೆ ನೀವೂ ಬಂದ್ಬುಡಿ ಸಾ, ಜಾಗ ಐತೆ" ಅಂದಳು.

ನನ್ನನ್ನು ಕೊಲ್ಲಲು ಇನ್ನೂ ಯಾರೂ ಬಂದಿಲ್ಲ. ಅಲ್ಲಿಯವರೆಗೆ ದಿನಾ ಮಧುಗಿರಿಯಿಂದ ಬಸ್ಸಿಗೆ ನೇತಾಡಿಕೊಂಡು ಬಂದು ಹೋಗುತ್ತಿದ್ದೇನೆ.