ನೆಲ ಮುಟ್ಟದ ಕೊಡ

ನಡೆಯಲು ಕಾಲನ್ನೂ ನಿಲ್ಲಲು ನೆಲವನ್ನೂ ಕೊಟ್ಟ ಜಗನ್ಮಾತೆಗೆ ಮೊದಲ ನಮಸ್ಕಾರ. ಗುಡ್ಡದ ನೆತ್ತಿಯಂಚಾದ ಏಣಿನ ಮೇಲೆ ಬಯಲಲ್ಲೇ ಕುಳಿತು, ಮಳೆಗಾಲದಲ್ಲಿ ಯಾರನ್ನೂ ಕರೆಯದೆ, ಹೇಮಂತದಲ್ಲಿ ಮಾತ್ರ ದಾರಿ ಬಿಡುವ ಆ ತಾಯಿಯ ಕೃಪೆಯಿಂದ ಎಪ್ಪತ್ತು ದಾಟಿದ ಈ ದೇಹ ಇನ್ನೂ ಏರುತ್ತಿದೆ. ಅದಕ್ಕಾಗಿ ಮತ್ತೊಂದು ನಮಸ್ಕಾರ.

ಝುವಾರಿನಗರದಲ್ಲಿ, ಕೂಲಿಗೆಂದು ಬಯಲುಸೀಮೆಯಿಂದ ಬಂದವರ ನಮ್ಮ ಓಣಿಯ ಚಿಕ್ಕ ಗುಡಿಯಲ್ಲಿ ನಾನು ಬಹುಕಾಲದಿಂದ ಪೂಜೆ ಮಾಡಿಕೊಂಡು ಬಂದಿದ್ದೇನೆ. ಮಾರ್ಗಶಿರದ ಒಂದು ಭಾನುವಾರ ಓಣಿಯ ಕೆಲವರೊಡನೆ ಬಸ್ಸಿನಲ್ಲಿ ಫೋಂಡಾ ದಾಟಿ, ಘಟ್ಟದ ಬುಡದಿಂದ ನಡೆದು, ಏಣಿನ ಮೇಲಿರುವ ದೇವಿಯ ಕಲ್ಲಿಗೆ ನೀರೆರೆದು ಬರುವುದು ನಮ್ಮ ರೂಢಿ. ಕಳೆದ ವರ್ಷ ನಾವು ಎಂಟು ಜನರಿದ್ದೆವು. ನನ್ನ ಹೊರತು ಎಲ್ಲರೂ ಕಟ್ಟಡದ ಕೆಲಸದವರು.

ಅವರಲ್ಲೊಬ್ಬಳು ಹರಕೆ ಹೊತ್ತಿದ್ದಳು. ಅವಳ ಗಂಡ ಕಟ್ಟಡಕ್ಕೆ ಕಟ್ಟಿದ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡು ಬಹಳ ದಿನ ಆಸ್ಪತ್ರೆಯಲ್ಲಿ ಮಲಗಿದ್ದ. ಅವನು ಮತ್ತೆ ನಡೆದರೆ, ಬುಡದ ಹಳ್ಳದಿಂದ ಒಂದು ಕೊಡ ನೀರನ್ನು ಎಲ್ಲಿಯೂ ನೆಲ ಮುಟ್ಟಿಸದೆ ದೇವಿಯ ತನಕ ತರುವೆನೆಂದು ಮಾತು ಕೊಟ್ಟಿದ್ದಳು. ಈಗ ಅವನು ಕೋಲೂರಿಕೊಂಡು ಅವಳ ಹಿಂದೆಯೇ ಏರುತ್ತಿದ್ದ. ನಾನು ಹಳ್ಳದಲ್ಲಿ ಮಿಂದು, ಒದ್ದೆ ಪಂಚೆಯುಟ್ಟು, ಪೂಜೆ ಮುಗಿಯುವವರೆಗೆ ಯಾರೂ ಮುಟ್ಟದಂತೆ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದೆ.

ಎರೆಮಣ್ಣಿನ ಸೀಮೆಯಿಂದ ಬಂದ ನಮಗೊಂದು ಭ್ರಮೆಯುಂಟು: ನೆಲ ಜಾರುವುದು ಮಳೆಯಲ್ಲಿ ಮಾತ್ರ, ಒಣಗಿದ ಮೇಲೆ ಭಯವಿಲ್ಲ ಎಂದು. ಈ ಗುಡ್ಡದಲ್ಲಿ ಹಾಗಲ್ಲ. ಇಬ್ಬನಿ ಆರುವ ತನಕ ಒಣಹುಲ್ಲು ಎಣ್ಣೆ ಸವರಿದಂತಿರುತ್ತದೆ; ಆರಿದ ಮೇಲೆ ಜಂಬಿಟ್ಟಿಗೆಯ ಗರಸು ಕಾಲಡಿಯಲ್ಲಿ ಕಡಲೆಕಾಳಿನಂತೆ ಉರುಳುತ್ತದೆ. ತರಗೆಲೆಯ ಕೆಳಗೆ ಕಲ್ಲಿದೆಯೋ ಕುಳಿಯಿದೆಯೋ ಕೋಲಿನಿಂದ ತಟ್ಟಿಯೇ ತಿಳಿಯಬೇಕು.

ಏಣನ್ನು ಸೇರುವ ಕೊನೆಯ ತಿರುವಿನಲ್ಲಿ ದಾರಿಯೇ ಇರಲಿಲ್ಲ. ಮಳೆಗಾಲದಲ್ಲಿ ಮಣ್ಣು ಜರಿದು, ನಾಲ್ಕೈದು ಮಾರು ಬರಿಯ ಗರಸಿನ ಇಳಿಜಾರು ಉಳಿದಿತ್ತು. ಮೇಲೆ ಜೋತುಬಿದ್ದ ಬೇರುಗಳನ್ನು ಎರಡು ಕೈಗಳಿಂದಲೂ ಹಿಡಿದರೆ ದಾಟಬಹುದಿತ್ತು. ತಲೆಯ ಮೇಲೆ ಕೊಡವಿದ್ದವಳಿಗೆ ಅದು ಸಾಧ್ಯವಿರಲಿಲ್ಲ.

"ಕೊಡ ಕೆಳಗಿಡು. ದೇವಿ ಒಂದ್ ಗಳಿಗಿ ಕಣ್ಣು ಮುಚ್ಕೊಂತಾಳ," ಎಂದ ಗಂಡ.

"ಇಡಂಗಿಲ್ಲ. ಮಾತು ಕೊಟ್ಟಾಕಿ ನಾ."

"ನಾ ಬಿದ್ದದ್ದು ಸಾಲಲಿಲ್ಲೇನು? ಈಗ ನಿನ್ನ ಪಾಳಿ ಏನು?"

ಅವಳು ನನ್ನತ್ತ ತಿರುಗಿದಳು. "ಅಜ್ಜಾರ, ನೀವ ಹೇಳ್ರಿ."

ಶಕ್ತಿ ಮೀರಿದಲ್ಲಿ ಶಾಸ್ತ್ರವು ವಿನಾಯಿತಿ ಕೊಡುತ್ತದೆ, ದೇವಿಯನ್ನು ನೆನೆದು ಎಲೆಯ ಮೇಲಿಟ್ಟರೆ ದೋಷವಿಲ್ಲ ಎಂದೆ. ಕೊಡವಿದ್ದ ತಲೆಯನ್ನು ತಗ್ಗಿಸಲಾರದೆ ಅವಳು ಕಣ್ಣನ್ನಷ್ಟೇ ತಗ್ಗಿಸಿದಳು.

"ಹೌದ್ರಿ, ನೀವು ಓದಿದವ್ರು. ಆದರ ದವಾಖಾನ್ಯಾಗ ನಾ ಹಂಗ ಹೇಳಿದ್ದಿಲ್ರಿ."

ಆಗ ಅವರಲ್ಲೇ ಹಿರಿಯಳಾದ ಹೆಂಗಸು ಸೆರಗು ಸಿಕ್ಕಿಸಿಕೊಂಡಳು.

"ನೆಲ ಮುಟ್ಟಬಾರದು ಅಂದಿ. ತಲಿ ಬಿಡಬಾರದು ಅಂದಿದ್ದೇನ?"

"ಇಲ್ಲವ್ವಾ."

"ಮತ್ತ? ಸ್ಲ್ಯಾಬ್ ಹಾಕೂ ದಿನ ಬುಟ್ಟಿ ಎಲ್ಲೆರ ನೆಲಕ್ಕ ಇಡ್ತೀವೇನ? ಬರ್ರಿ, ಸಾಲಾಗಿ ಕುಂದರ್ರಿ."

ಕಾಂಕ್ರೀಟಿನ ಬುಟ್ಟಿ ಕೈಯಿಂದ ಕೈಗೆ ಸಾಗುವ ಹಾಗೆ ಕೊಡವೂ ಸಾಗಬೇಕು. ಐವರು ಇಳಿಜಾರಿನಲ್ಲಿ ಹಿಮ್ಮಡಿ ಊರಿ ಕುಳಿತರು. ಎಷ್ಟು ಕೈ ಚಾಚಿದರೂ ನಡುವೆ ಒಬ್ಬರ ಜಾಗ ಉಳಿಯಿತು. ಗಂಡನ ಕಾಲಿಗೆ ಅಲ್ಲಿ ಕೂರುವ ಬಲವಿರಲಿಲ್ಲ. ಎಲ್ಲರೂ ಎಲ್ಲೆಲ್ಲೋ ನೋಡಿದರು. ಯಾರೂ ನನ್ನ ಕಡೆ ನೋಡಲಿಲ್ಲ.

ನಾನು ಬೇರು ಹಿಡಿದು ಇಳಿದು ಆ ಜಾಗದಲ್ಲಿ ಕುಳಿತೆ.

"ಅಯ್ಯ, ನಿಮ್ಮ ಮಡಿ ಅಜ್ಜಾರ!" ಎಂದಳು ಕೊಡ ಹೊತ್ತವಳು.

"ಕೊಡ ಬರಲಿ," ಎಂದೆ.

"ಗಟ್ಟಿ ಹಿಡೀರಿ ಅಜ್ಜಾರ, ಮುಕಾದಮ ನೋಡಾಕತ್ತಾನ," ಎಂದು ಗಂಡ ಕೆಲಸದ ಮೇಸ್ತ್ರಿಯನ್ನು ನೆನಪಿಸಿ ಇಳಿಜಾರಿನ ಅಂಚಿನಿಂದ ಕೂಗಿದ. ನಗುತ್ತಲೇ ಕೊಡ ಹೊರಟಿತು. ಬಲಗಡೆಯವನ ಬಿರುಕುಬಿಟ್ಟ ಬೆರಳುಗಳು ನನ್ನ ಬೆರಳಿಗೆ ತಗುಲಿದವು. ಒಂದು ಹನಿ ನನ್ನ ತೊಡೆಯ ಮೇಲೆ ಬಿತ್ತು. ನಾನು ಎಡಕ್ಕೆ ದಾಟಿಸಿದೆ.

ಅವಳು ಬರಿಗೈಯಲ್ಲಿ ಬೇರು ಹಿಡಿದು ದಾಟಿ, ಸಿಂಬಿ ಸರಿಪಡಿಸಿಕೊಂಡು, ಸಾಲಿನ ಕೊನೆಯವರ ಕೈಯಲ್ಲಿದ್ದ ಕೊಡವನ್ನು ಮತ್ತೆ ತಲೆಗೇರಿಸಿದಳು. ಆಮೇಲೆ ಅವಳ ಗಂಡನನ್ನೂ ನಾವು ಕೈಯಿಂದ ಕೈಗೆ, ಕುಳಿತಂತೆಯೇ ಸರಿಸಿ, ಆಚೆ ಮುಟ್ಟಿಸಿದೆವು.

"ಕಡೀಕ ನನ್ನೂ ಬುಟ್ಟಿ ಮಾಡಿದ್ರಿ!" ಎಂದು ಅವನು ಮಣ್ಣು ಕೊಡವಿಕೊಂಡ.

ಏಣಿನ ಮೇಲೆ ಗಾಳಿ ತಣ್ಣಗಿತ್ತು. ಅವಳು ನೀರೆರೆದಳು, ನಾನು ಮಣ್ಣಾದ ಪಂಚೆಯಲ್ಲೇ ಮಂತ್ರ ಹೇಳಿದೆ. ನೀರು ಮುಗಿದ ಮೇಲೂ ಕೊಡವನ್ನು ಬಗ್ಗಿಸಿಯೇ ಹಿಡಿದು ನಿಂತಿದ್ದವಳು, ಗಂಡ ಹೆಸರು ಹಿಡಿದು ಕರೆದಾಗ ಅದನ್ನು ಕೆಳಗಿಟ್ಟು ಅತ್ತಳು.

ಆ ಸಾಲಿನಲ್ಲಿ ಕುಳಿತ ಕೈಗಳಿಗೆ ಬಲವಿರಲಿ, ಏರಿದ ಕಾಲುಗಳಿಗೆ ನೆಲ ಗಟ್ಟಿಯಾಗಿ ಸಿಗಲಿ. ನೀರು ತಂದವಳ, ಯಾರಿಗಾಗಿ ತಂದಳೋ ಅವನ ಮನೆ ತಣ್ಣಗಿರಲಿ. ಅಂದು ಜೊತೆಗಿದ್ದ ಎಲ್ಲರನ್ನೂ ತಾಯಿ ಕಾಯಲಿ.