ಮಹಾಲಿಂಗಪ್ಪನ ಇಪ್ಪತ್ತೈದು ಓಮ್

ಹಿರೇಕೆರೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮಹಾಲಿಂಗಪ್ಪ ಇಪ್ಪತ್ತೆರಡು ವರ್ಷ ಮಿಕ್ಸರು, ಇಸ್ತ್ರಿಪೆಟ್ಟಿಗೆ, ಮೋಟರು ರಿಪೇರಿ ಮಾಡಿದ. ಐಟಿಐ ಓದಿದವನು, ಅದರ ಜಂಬವೂ ಇತ್ತು. ಯಾರಾದರೂ ಅಂದಾಜಿನ ಮೇಲೆ ಮಾತಾಡಿದರೆ "ಅಳತಿ ಮಾಡಿ ಮಾತಾಡ್ರಿ" ಎಂದು ಮೀಟರು ಮುಂದೆ ಹಿಡಿಯುತ್ತಿದ್ದ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ತಂತಿಯ ತಡೆ ಎಷ್ಟು ಓಮ್ ಎಂದು ತಿಳಿಯುತ್ತದೆ. ಎರಡನ್ನೂ ಗುಣಿಸಿದರೆ ಎಷ್ಟು ವ್ಯಾಟ್ ಎಂದು. ಇಷ್ಟು ಬಾಯಿಪಾಠವಿದ್ದ ಮೇಲೆ ಈ ಓಣಿಯಲ್ಲಿ ತನಗೆ ಸೋಲಿಲ್ಲ ಎಂದು ನಂಬಿದ್ದ. ಸೋತದ್ದು ಅದೇ ಲೆಕ್ಕದಲ್ಲಿ, ಅದೂ ಬೇರೆಯವರ ಜೀವ ತೆತ್ತು.

ಆ ಓಣಿ ಕರೆಂಟು ಲೈನಿನ ಕಟ್ಟಕಡೆಗಿತ್ತು. ಊರಿಗೆ ಇನ್ನೂರ ನಲವತ್ತು ವೋಲ್ಟ್ ಬಂದರೆ ಇಲ್ಲಿಗೆ ಮುಟ್ಟುವಷ್ಟರಲ್ಲಿ ನೂರೈವತ್ತಕ್ಕೆ ಸೊರಗಿರುತ್ತಿತ್ತು. ಮನೆಗಳ ಕರೆಂಟು ಪುಕ್ಕಟೆಯಾದ ಮೇಲೆ ಹೆಂಗಸರು ಗ್ಯಾಸ್ ಉಳಿಸಲೆಂದು ಕಾಯಿಲ್ ಒಲೆ ತಂದರು. ಮಣ್ಣಿನ ಬಿಲ್ಲೆಯ ಗೆರೆಗಳಲ್ಲಿ ಸುರುಳಿ ತಂತಿ ಕೂರಿಸಿದ ಒಲೆ. ತಂದರೇನು, ತಂತಿ ಕೆಂಪಾದರೆ ತಾನೆ! ಬಸ್ ಸ್ಟ್ಯಾಂಡಿನಲ್ಲಿ ಗೋವಿನಜೋಳದ ತೆನೆ ಕುದಿಸಿ ಮಾರುತ್ತಿದ್ದ ಮಂಜವ್ವ ತನ್ನ ಒಲೆಯನ್ನು ತಂದು ಅವನ ಮುಂದೆ ಕುಕ್ಕಿದಳು.

"ತಮ್ಮಾ, ಇದರ ಮ್ಯಾಲ ನೀರಿಟ್ರ ಇದ್ದ ಬಿಸೀನೂ ಹೋಕ್ಕೈತಿ. ನಿನ್ನ ಐಟಿಐ ಏನಾರ ಉಪಯೋಗಕ್ಕ ಬರತೈತೇನ್ ನೋಡು."

"ಬರತೈತಿ ತಗೋ ಯಕ್ಕಾ" ಎಂದು ನಕ್ಕ ಮಹಾಲಿಂಗಪ್ಪ ತಂತಿಯನ್ನು ಕತ್ತರಿಸಿ ಗಿಡ್ಡ ಮಾಡಿದ. ತಂತಿ ಗಿಡ್ಡವಾದಷ್ಟೂ ತಡೆ ಕಡಿಮೆ, ಕರೆಂಟು ಹೆಚ್ಚು. ಮೀಟರು ಆರು ಆಂಪಿಯರ್ ತೋರಿಸಿತು. ನೂರೈವತ್ತನ್ನು ಆರರಿಂದ ಭಾಗಿಸಿದರೆ ಇಪ್ಪತ್ತೈದು ಓಮ್. ಗುಣಿಸಿದರೆ ಒಂಬೈನೂರು ವ್ಯಾಟ್. ತಂತಿ ಕೆಂಡವಾಯಿತು. ಮಂಜವ್ವನ ಮನೆಯ ಸಣ್ಣ ಫ್ಯೂಸು ಮೇಲಿಂದ ಮೇಲೆ ಹಾರತೊಡಗಿದಾಗ ಅದಕ್ಕೂ ಎರಡೆಳೆ ತಂತಿ ಹೊಸೆದು ಕೊಟ್ಟ. ಓಣಿಯ ಹದಿನಾಲ್ಕು ಒಲೆಗಳು ಹೀಗೆ ಗಿಡ್ಡವಾದವು. ಆಮೇಲೆ ಯಾವ ಮನೆಯ ಮುಂದೆ ಹಾದರೂ ಅವನನ್ನು ಕರೆದು ಚಹಾ ಕೊಡುತ್ತಿದ್ದರು.

ಕಳೆದ ನವೆಂಬರಿನಲ್ಲಿ ಓಣಿಗೇ ಹೊಸ ಟ್ರಾನ್ಸ್‌ಫಾರ್ಮರ್ ಬಂದು ಕೂತಿತು. ಲೈನ್‌ಮನ್ ಹಾಲೇಶ ಚಾಲೂ ಮಾಡಿದ, ಜನ ಪೇಢೆ ಹಂಚಿದರು. ಮಹಾಲಿಂಗಪ್ಪನೂ ಪೇಢೆ ತಿಂದ. ಮೀಟರಿಟ್ಟು ನೋಡಿ, "ಇನ್ನೂರ ನಲವತ್ತು, ಬರೋಬ್ಬರಿ" ಎಂದು ಹಾಲೇಶನ ಬೆನ್ನು ತಟ್ಟಿದ. ಆಗ ಅವನಿಗೆ ನೂರೈವತ್ತು ವೋಲ್ಟಿನ ಲೆಕ್ಕಕ್ಕೆ ಗಿಡ್ಡ ಮಾಡಿದ ಒಲೆಗಳ ನೆನಪು ಬಂತು. ಬಂತು, ಸುಳ್ಳು ಯಾಕೆ ಹೇಳಬೇಕು! ಆದರೆ ಗೋವಿನಜೋಳದ ಸುಗ್ಗಿ, ಒಕ್ಕುವ ಮಷೀನಿನ ಮೋಟರುಗಳು ಅಂಗಡಿ ತುಂಬ ಬಿದ್ದಿದ್ದವು. ಈ ಗದ್ದಲ ಮುಗಿಯಲಿ, ಒಂದೊಂದಾಗಿ ಬದಲಿಸಿದರಾಯಿತು ಎಂದುಕೊಂಡ.

ಮೂರನೆಯ ದಿನ ಬೆಳಿಗ್ಗೆ ಮಂಜವ್ವ ತೆನೆಯ ಪಾತ್ರೆಯನ್ನು ಒಲೆಗಿಟ್ಟು ಸ್ನಾನಕ್ಕೆ ಹೋಗಿದ್ದಳು. ಸುಟ್ಟ ವಾಸನೆ ಬಂದು ಒದ್ದೆಗೈಯಲ್ಲೇ ಓಡಿ ಬಂದವಳು ವೈರು ಹಿಡಿದು ಎಳೆದಳು. ವೈರಿನ ಪ್ಲಾಸ್ಟಿಕ್ಕು ಕರಗಿ ಒಳಗಿನ ತಾಮ್ರ ಬತ್ತಲಾಗಿತ್ತು. ನಳಕ್ಕೆ ಹೋಗಿದ್ದ ಮಗಳು ತನುಜಾ ಕೊಡ ಹೊತ್ತು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹಾಲೇಶ ವೋಲ್ಟೇಜು ಏರಿಸಿ ಕೊಂದ ಎಂದು ಯಾರೋ ಅಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಸಂಜೆಯೊಳಗೆ ಅವನ ಮೇಲೆ ಪೊಲೀಸ್ ಕಂಪ್ಲೇಂಟ್ ಆಯಿತು. ಗುತ್ತಿಗೆಯ ನೌಕರಿ, ಹೋದರೆ ಹೋಯಿತು; ಮೇಲೆ ಜೈಲು ಬೇರೆ. ಅವನು ಮಹಾಲಿಂಗಪ್ಪನ ಅಂಗಡಿಗೆ ಬಂದು ನಿಂತ.

"ಅಣ್ಣಾರ, ಅವತ್ತು ಮೀಟರ್ ಇಟ್ಟು ನೋಡಿದಾವ್ರು ನೀವ. ಇನ್ನೂರ ನಲವತ್ತ ಇತ್ತು ಅಂತ ಒಂದ್ ಮಾತು ಹೇಳ್ರಿ, ಸಾಕು."

"ನೋಡೂಣು" ಎಂದ ಮಹಾಲಿಂಗಪ್ಪ, ಅವನ ಮುಖ ನೋಡದೆ.

ಆ ಒಂದು ಮಾತು ಹೇಳಿದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತಿತ್ತು: ಹಾಗಾದರೆ ವೈರು ಯಾಕೆ ಕರಗಿತು? ಹಾಲೇಶ ಹೋದ ಮೇಲೆ ರಸೀದಿಯೊಂದರ ಹಿಂದೆ ಲೆಕ್ಕ ಹಾಕಿದ. ಇನ್ನೂರ ನಲವತ್ತನ್ನು ಇಪ್ಪತ್ತೈದರಿಂದ ಭಾಗಿಸಿದರೆ ಒಂಬತ್ತು ಪಾಯಿಂಟ್ ಆರು ಆಂಪಿಯರ್. ಅದನ್ನು ಇನ್ನೂರ ನಲವತ್ತರಿಂದ ಗುಣಿಸಿದರೆ ಎರಡು ಸಾವಿರದ ಮುನ್ನೂರ ನಾಲ್ಕು ವ್ಯಾಟ್. ಒಂಬೈನೂರಕ್ಕೇ ಏದುಸಿರು ಬಿಡುತ್ತಿದ್ದ ಆ ತೆಳ್ಳನೆಯ ವೈರು ಇನ್ನೇನಾದೀತು! ಫ್ಯೂಸಾದರೂ ಹಾರಬೇಕಿತ್ತು, ಅದನ್ನೂ ಹಾರದ ಹಾಗೆ ಮಾಡಿಟ್ಟವನು ತಾನೇ. ನಾಲ್ಕು ದಿನ ಅಂಗಡಿಯ ಬಾಗಿಲನ್ನು ಅರ್ಧವೇ ತೆರೆದ. ಕುಂಬಳಕಾಯಿ ಕಳ್ಳನ ಹಾಗೆ, ಯಾರಾದರೂ "ಒಲಿ" ಅಂದರೆ ಸಾಕು, ಬೆವರುತ್ತಿದ್ದ.

ಐದನೆಯ ದಿನ ತನಿಖೆಯ ಸಾಹೇಬರು ಮಂಜವ್ವನ ಮನೆಗೆ ಬಂದರು. ಓಣಿಗೆ ಓಣಿಯೇ ಬಾಗಿಲಲ್ಲಿ ನಿಂತಿತ್ತು. ಹಾಲೇಶ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಸಾಹೇಬರು ಒಲೆಯನ್ನು ಎತ್ತಿ ಹಿಡಿದು ಕೇಳಿದರು, "ಇದಕ್ಕ ಯಾರು ಕೈ ಹಾಕ್ಯಾರ?"

ಎಲ್ಲರಿಗೂ ಗೊತ್ತಿತ್ತು, ಎಲ್ಲರ ಮನೆಯಲ್ಲೂ ಅಂಥದೇ ಒಲೆ, ಆವತ್ತಿನಿಂದ ಹೆದರಿ ಮೂಲೆಗಿಟ್ಟದ್ದು. ಮಹಾಲಿಂಗಪ್ಪ ಜನರ ನಡುವಿನಿಂದ ಒಳಗೆ ಬಂದು ಮೀಟರಿನ ಎರಡು ಮೊನೆಗಳನ್ನು ಸುರುಳಿ ತಂತಿಗೆ ಹಚ್ಚಿದ. ಇಪ್ಪತ್ತೈದು.

"ಕತ್ತರಿಸಿದಾವ ನಾನರಿ ಸಾಹೇಬ್ರ. ಫ್ಯೂಸು ದಪ್ಪ ಮಾಡಿದಾವನೂ ನಾನ. ಕರೆಂಟು ಬರೋಬ್ಬರಿ ಇತ್ತು. ಹಾಲೇಶಂದು ಏನೂ ತಪ್ಪಿಲ್ಲ."

ಹಾಲೇಶ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಸಾಹೇಬರು ಬರೆದುಕೊಳ್ಳತೊಡಗಿದರು. ಗೋಡೆಗೆ ಒರಗಿ ಕೂತಿದ್ದ ತನುಜಾ ಮೆಲ್ಲಗೆ ಕೇಳಿದಳು, "ಕಾಕಾ, ಹಿಂಗ ಆಕ್ಕೈತಿ ಅಂತ ನಿಮಗ ಮೊದಲ ಗೊತ್ತಿತ್ತೇನು?"

"ಗೊತ್ತಿತ್ತವಾ. ಸುಗ್ಗಿ ಕೆಲಸ ಮುಗೀಲಿ ಅಂತ ಬಿಟ್ಟಿದ್ದೆ."

ಅವಳು ಒಲೆಯ ಕಡೆ ಕೈ ತೋರಿಸಿದಳು.

"ಒಲಿ ಯಾಕೋ ಭಾಳ ಕಾಯತೈತಿ, ಕಾಕಾಗ ತೋರಸವಾ ಅಂತ ಹಿಂದಿನ ದಿನಾನ ಹೇಳಿದ್ದೆ. ಅಂವಾ ಕೆಲಸದ ಗದ್ದಲದಾಗ ಅದಾನ, ಸುಮ್ನ ಯಾಕ ತ್ರಾಸ ಕೊಡೂದು ಅಂದ್ಲು ನಮ್ಮವ್ವ."