ಗುಲಗಂಜಿ ಸಾಹೇಬರ ತೂಕ

ಪೇಟೆಬೀದಿಯ ಒಂದು ತುದಿಯಲ್ಲಿ ಅವರ ಜೀಪು ಕಾಣಿಸಿದರೆ ಸಾಕು, ಇನ್ನೊಂದು ತುದಿಯವರೆಗೂ ತಕ್ಕಡಿಗಳು ತಾವಾಗಿಯೇ ಮರ್ಯಾದಸ್ಥವಾಗುತ್ತಿದ್ದವು. ಅವರು ಅಳತೆ ಮತ್ತು ತೂಕದ ಇಲಾಖೆಯ ಇನ್‌ಸ್ಪೆಕ್ಟರು. ಗುಲಗಂಜಿಯಷ್ಟು ಹೆಚ್ಚುಕಡಿಮೆಯಾದರೂ ಬಿಡುವ ಜಾಯಮಾನ ಅವರದಲ್ಲವಾದ್ದರಿಂದ ಬೀದಿಯವರು ಇಟ್ಟ ಹೆಸರು ಗುಲಗಂಜಿ ಸಾಹೇಬರು. ಹೆಸರು ಅವರ ಕಿವಿಗೂ ಬಿದ್ದಿತ್ತು. ಅದನ್ನು ಬಿರುದು ಎಂದುಕೊಂಡಿದ್ದರು. ಗುಲಗಂಜಿಗೆ ತನ್ನ ತಲೆಯ ಮೇಲಿನ ಕಪ್ಪು ಕಾಣುವುದಿಲ್ಲ ಎಂಬ ಮಾತನ್ನು ಅವರೆದುರು ಯಾರೂ ಪೂರ್ತಿ ಆಡಿರಲಿಲ್ಲ.

ಅವರ ಬಳಿ ಮಖಮಲ್ಲು ಹೊದಿಸಿದ ಒಂದು ಪೆಟ್ಟಿಗೆಯಿತ್ತು. ಅದರೊಳಗೆ ಹಿತ್ತಾಳೆಯ ತೂಕದ ಬಟ್ಟುಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಮಲಗಿದ್ದವು. ಅವನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಜಿಡ್ಡೂ ತೂಗುತ್ತದೆ ಎಂದು ಕಚೇರಿಗೆ ಹೊಸದಾಗಿ ಬಂದವರಿಗೆಲ್ಲ ಪಾಠ ಹೇಳುತ್ತಿದ್ದರು. ಮನೆಯಲ್ಲಿ ಅವರು ಮೆತ್ತನೆಯ ಬಟ್ಟೆಯಿಂದ ಬಟ್ಟು ಒರೆಸುತ್ತ ಕೂತಿದ್ದಾಗ ಹೆಂಡತಿ ಹಾದುಹೋಗುತ್ತ, ಮದುವೆಯಾದ ಹೊಸದರಲ್ಲಿ ನನ್ನ ಕೈಯನ್ನೂ ಇಷ್ಟು ಮೆತ್ತಗೆ ಹಿಡಿದವರಲ್ಲ ಎಂದು ಗೋಡೆಗೆ ಹೇಳುತ್ತಿದ್ದಳು. ಆಕೆ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಕೆಲಸದಲ್ಲಿದ್ದಳು. ಬುಟ್ಟಿಯಿದ್ದ ಒಂದು ಲೇಡೀಸ್ ಸೈಕಲ್ಲಿನಲ್ಲಿ ಹನ್ನೆರಡು ವರ್ಷದಿಂದ ದಿನವೂ ಹೋಗಿಬರುತ್ತಿದ್ದಳು. ಅದನ್ನು ವ್ಯಾಯಾಮ ಎಂದು ಯಾರೂ ಕರೆದಿರಲಿಲ್ಲ, ಅವಳೂ ಸಹ.

ಊರಿನ ತೂಕವನ್ನೆಲ್ಲ ನೋಡುವ ಭರದಲ್ಲಿ ಸಾಹೇಬರು ತಮ್ಮದನ್ನು ನೋಡಿಕೊಂಡಿರಲಿಲ್ಲ. ಮಂಡಿನೋವೆಂದು ಹೋದಾಗ ಡಾಕ್ಟರು ಅವರನ್ನು ತಕ್ಕಡಿಯ ಮೇಲೆ ನಿಲ್ಲಿಸಿದರು. ಎಂಬತ್ತನಾಲ್ಕು ಕಿಲೋ. ಸಾಹೇಬರು ಮೊದಲು ಕೇಳಿದ್ದು ಈ ತಕ್ಕಡಿಗೆ ಇಲಾಖೆಯ ಮುದ್ರೆ ಯಾವಾಗ ಬಿದ್ದದ್ದು ಎಂದು. ಡಾಕ್ಟರು ಚೀಟಿಯಲ್ಲಿ ದೊಡ್ಡದಾಗಿ ‘೬೪’ ಎಂದು ಬರೆದು ಸುತ್ತ ವೃತ್ತ ಎಳೆದರು. ಅಲ್ಲಿಗೆ ಇಳಿಯಬೇಕು, ಸೈಕಲ್ ತುಳಿಯಿರಿ ಎಂದರು.

ಸೈಕಲ್ ಬಂತು. ಸಾಹೇಬರು ಅದನ್ನು ಬೀದಿಗೆ ಇಳಿಸಿದ್ದು ಒಂದೇ ಒಂದು ಸಲ. ಎದುರುಗಾಳಿ, ಗುಂಡಿ, ಅಟ್ಟಿಸಿಕೊಂಡು ಬಂದ ನಾಯಿ, ಇವನ್ನೆಲ್ಲ ಹೇಗೋ ಸಹಿಸಿದರು. ಆದರೆ ಹಳೇ ಕಬ್ಬಿಣದ ವ್ಯಾಪಾರಿ ಅಂಗಡಿಯಿಂದ ಹೊರಗೆ ಬಂದು, ತುಂಬ ವಿನಯದಿಂದ, “ಸಾಹೇಬ್ರೇ, ಈ ಸೈಕಲ್ಲಿಗೆ ಮುದ್ರೆ ಆಗಿದ್ಯಾ? ಎಷ್ಟು ಕಿಲೋವರೆಗೆ ತಡ್ಕೊಳ್ಳತ್ತೆ?” ಎಂದು ಕೇಳಿಬಿಟ್ಟ. ಬೀದಿಯಲ್ಲಿ ಯಾರೂ ನಗಲಿಲ್ಲ. ನಗದೆ ಇರಲು ಅವರು ಪಟ್ಟ ಕಷ್ಟ ನಗುವಿಗಿಂತ ಹೆಚ್ಚು ಕೇಳಿಸಿತು.

ಆಗ ಮುಂದೆ ಬಂದವನು ಬಾಮೈದ, ಕಂಪ್ಯೂಟರ್ ರಿಪೇರಿಯವನು. ಅವನು ಒಂದು ಯಂತ್ರ ತಂದ. ಸೈಕಲ್ಲಿನ ಹಿಂದಿನ ಗಾಲಿ ಬಿಚ್ಚಿ ಸೈಕಲ್ಲನ್ನು ಯಂತ್ರಕ್ಕೆ ಸಿಕ್ಕಿಸಿದರೆ ಮುಗಿಯಿತು, ಎಷ್ಟು ತುಳಿದರೂ ಸೈಕಲ್ಲು ಕೋಣೆ ಬಿಟ್ಟು ಕದಲುವುದಿಲ್ಲ. ಎದುರಿಗೆ ಪರದೆ, ಪರದೆಯಲ್ಲಿ ಬೆಟ್ಟ, ಕಣಿವೆ, ಸಮುದ್ರದಂಡೆ. ಊರಿನ ಹದಿನೈದಿಪ್ಪತ್ತು ಜನ ಅವರವರ ಕೋಣೆಯಲ್ಲಿ ಕೂತು ಒಂದೇ ಬೆಟ್ಟವನ್ನು ಒಟ್ಟಿಗೆ ಹತ್ತುವ ಒಂದು ಬಳಗವೂ ಇತ್ತು. ಅಲ್ಲಿ ಎಲ್ಲರಿಗೂ ಹಕ್ಕಿಯ ಹೆಸರು. ಸಾಹೇಬರು ಗರುಡ ಎಂದು ಇಟ್ಟುಕೊಂಡರು. ಪರದೆಯಲ್ಲಿ ಏರು ಬಂದಾಗ ಯಂತ್ರ ಸವಾರನ ತೂಕಕ್ಕೆ ತಕ್ಕಂತೆ ಪೆಡಲನ್ನು ಬಿಗಿ ಮಾಡುತ್ತದೆ. ಹಾಗಾಗಿ ಶುರುವಿಗೇ ತೂಕ ಕೇಳಿತು. ಸಾಹೇಬರು ಹೊಸ ಬೂಟಿನೊಳಗೆ ಕಾಲು ತುರುಕುವ ಗಡಿಬಿಡಿಯಲ್ಲಿದ್ದರು. ಬಾಮೈದ ಮೇಜಿನ ಮೇಲಿದ್ದ ಡಾಕ್ಟರ ಚೀಟಿ ನೋಡಿ, ವೃತ್ತದೊಳಗಿದ್ದ ಅಂಕಿಯನ್ನೇ ಒತ್ತಿದ.

ಐದೇ ದಿನದಲ್ಲಿ ಗರುಡ ಬಳಗದ ದೊರೆಯಾಯಿತು. ಸಪಾಟು ದಾರಿಯಲ್ಲಿ ಎಲ್ಲರ ಜೊತೆಗಿರುತ್ತಿದ್ದ ಸಾಹೇಬರು ಏರು ಬಂದೊಡನೆ ಗಾಳಿಪಟದ ಹಾಗೆ ಮೇಲೇರುತ್ತಿದ್ದರು. ಕೊಕ್ಕರೆ ಎಂಬ ಹೆಸರಿನವನೊಬ್ಬ ಮಾತ್ರ ಬೆನ್ನಿಗೆ ಅಂಟಿಕೊಂಡು ಬಂದು ಪ್ರತಿಸಲ ಎರಡನೆಯವನಾಗುತ್ತಿದ್ದ. ತಮ್ಮೊಳಗೆ ಇಷ್ಟು ಶಕ್ತಿ ಎಲ್ಲಿ ಅಡಗಿತ್ತೋ ಎಂದು ಸಾಹೇಬರಿಗೇ ಬೆರಗು. ಐದನೆಯ ದಿನ ಬೆವರು ಒರೆಸಿಕೊಳ್ಳುತ್ತ ಯಂತ್ರದ ವಿವರಗಳನ್ನು ತಡಕಾಡುವಾಗ ಕಣ್ಣಿಗೆ ಬಿತ್ತು: ತೂಕ, ಅರವತ್ತನಾಲ್ಕು.

ತಿದ್ದಲೆಂದು ಬೆರಳು ಮುಂದೆ ಹೋಯಿತು, ಸುಳ್ಳು ಹೇಳಬಾರದು. ಅಷ್ಟರಲ್ಲಿ ಪರದೆಯ ಮೇಲೆ ಚಿನ್ನದ ಬಣ್ಣದ ಕಿರೀಟವೊಂದು ತೇಲಿಬಂತು. ಗುಡ್ಡದ ದೊರೆ ಗರುಡನಿಗೆ ಅಭಿನಂದನೆ. ಬೆರಳು ಹಿಂದಕ್ಕೆ ಬಂತು. ಹೇಗಿದ್ದರೂ ಅಲ್ಲಿಗೇ ಇಳಿಯುವವನಲ್ಲವೇ, ಆ ತೂಕ ಇಂದಲ್ಲ ನಾಳೆ ನನ್ನದೇ, ಮುಂಗಡವಾಗಿ ಬರೆದಂತಾಯಿತು ಅಷ್ಟೆ ಎಂದು ಸಮಾಧಾನ ಮಾಡಿಕೊಂಡರು.

ಅದೇ ವಾರ ಪೇಟೆಬೀದಿಯ ಬೇಕರಿಯಲ್ಲಿ ತಪಾಸಣೆ. ಕಟ್ಟೆಯ ಮೇಲಿನ ತಕ್ಕಡಿ ಕಿಲೋಗೆ ಹನ್ನೆರಡು ಗ್ರಾಂ ಕಡಿಮೆ ಕೊಡುತ್ತಿತ್ತು. ಬೇಕರಿಯವನು ಒಣಕಲು ಎತ್ತರದ ಆಳು, ಹಿಟ್ಟು ಮೆತ್ತಿದ ಕೈ ಜೋಡಿಸಿ, ಒಳಗಿನ ಸ್ಪ್ರಿಂಗು ಸಡಿಲಾಗಿರಬೇಕು, ದೇವರಾಣೆಗೂ ನನಗೆ ಗೊತ್ತಿರಲಿಲ್ಲ ಎಂದ. ಸಾಹೇಬರು ತಕ್ಕಡಿಗೆ ದಾರ ಸುತ್ತಿ ಅರಗು ಹಾಕುತ್ತ, ಗಿರಾಕಿಗಳೆಲ್ಲ ಕೇಳುವಂತೆ ಹೇಳಿದರು: “ಗೊತ್ತಿರ್ಲಿಲ್ಲ ಅನ್ನೋದನ್ನ ಯಾವ ತಟ್ಟೆಗೆ ಹಾಕ್ಲಯ್ಯಾ? ಸುಳ್ಳು ತೂಕ ಇಟ್ಕೊಂಡಿರೋದೇ ತಪ್ಪು.” ಒಂದು ವಾರ ಬೇಕರಿಯವನು ಬ್ರೆಡ್ಡನ್ನು ಕೊಡುವಾಗ ಗಿರಾಕಿಗಳು ಅಂಗೈಯಲ್ಲಿ ಎತ್ತಿ ಎತ್ತಿ ನೋಡಿದರು.

ತಿಂಗಳುಗಳು ಹೋದವು. ಸಾಹೇಬರ ಕೋಣೆಯಲ್ಲಿ ಫ್ಯಾನು, ನೆಲದ ಮೇಲೆ ರಬ್ಬರ್ ಹಾಸು, ಹಾಸಿನ ಮೇಲೆ ಬೆವರಿನ ಕೊಳ. ಗೋಡೆಯಲ್ಲಿ ಅಚ್ಚುಹಾಕಿಸಿದ ಕಿರೀಟಗಳ ಸಾಲು. ಸೈಕಲ್ಲಿನ ಮುಂದಿನ ಟೈರಿಗೆ ಅಂಗಡಿಯಿಂದ ಬಂದಾಗ ಇದ್ದ ರಬ್ಬರಿನ ಕೂದಲು ಇನ್ನೂ ಹಾಗೆಯೇ ಇತ್ತು. ಅದಕ್ಕೂ ಕಿಟಕಿಯ ಸರಳಿಗೂ ನಡುವೆ ಒಂದು ಜೇಡ ಸಂಸಾರ ಹೂಡಿತ್ತು. ಬೆಟ್ಟ ಹತ್ತಿಳಿದ ಹಸಿವಿಗೆ ಸಾಹೇಬರು ಎರಡಾಳಿನಷ್ಟು ಉಣ್ಣುತ್ತಿದ್ದರು. ಅಂಕಿ ಮಾತ್ರ ಎಂಬತ್ತನಾಲ್ಕರಿಂದ ಕೆಳಗಿಳಿಯಲಿಲ್ಲ, ಸ್ವಲ್ಪ ಮೇಲಕ್ಕೇ ಹೋಗಿತ್ತು. ಅದನ್ನು ನೋಡಬೇಕಾಗುತ್ತದೆಂದು ಮನೆಯ ತಕ್ಕಡಿಯನ್ನು ಮಂಚದ ಕೆಳಗೆ ತಳ್ಳಿದ್ದರು.

ಹೀಗಿರುವಾಗ ಒಂದು ದಿನ ಬಳಗದವರಿಗೆ ಮುಖಾಮುಖಿಯಾಗುವ ಆಸೆ ಹುಟ್ಟಿತು. ಭಾನುವಾರ ಬೆಳಿಗ್ಗೆ ಊರಾಚೆ ನೀರಿನ ಟ್ಯಾಂಕಿನ ಗುಡ್ಡವನ್ನು ನಿಜವಾಗಿ ಹತ್ತೋಣ, ದೊರೆಯನ್ನು ಕಣ್ಣಾರೆ ನೋಡೋಣ ಎಂದು ಕೊಕ್ಕರೆ ಬರೆದ. ಎಲ್ಲರೂ ಹೂಂ ಎಂದರು. ಸಾಹೇಬರು ಲೆಕ್ಕ ಹಾಕಿದರು. ಹೋಗದಿದ್ದರೆ ಕಿರೀಟಕ್ಕೆ ಅನುಮಾನ, ಹೋದರೆ ಗುಡ್ಡಕ್ಕೆ ಎಂಬತ್ತನಾಲ್ಕು ಚಿಲ್ಲರೆ ಕಿಲೋ. ಮೂರು ದಿನ ಉಪವಾಸ ಮಾಡಿ ನಾಲ್ಕನೆಯ ದಿನ ಅದಕ್ಕೆ ಬಡ್ಡಿ ಸೇರಿಸಿ ಉಂಡರು. ಬಾಮೈದನನ್ನು ಕೇಳಿದರೆ ಅವನು, “ಭಾವ, ರಸ್ತೆಗೆ ಸೆಟ್ಟಿಂಗ್ಸ್ ಇರಲ್ವಲ್ಲಾ” ಎಂದು ಕೈಚೆಲ್ಲಿದ.

ಭಾನುವಾರ ಸಾಹೇಬರು ಮೈಗಂಟುವ ಹಳದಿ ಬನಿಯನ್ ಹಾಕಿ, ಹಿಂದಿನ ಗಾಲಿಯನ್ನು ಮತ್ತೆ ಸಿಕ್ಕಿಸಿ, ಜೇಡನ ಸಂಸಾರ ಒಡೆದು ಹೊರಟರು. ನೋಡೋಕೆ ನಾನೂ ಬರ್ತೀನಿ ಎಂದು ಹೆಂಡತಿ ತನ್ನ ಬುಟ್ಟಿಯ ಸೈಕಲ್ಲಿನಲ್ಲಿ ಹಿಂದೆ ಹೊರಟಳು. ಗುಡ್ಡದ ಬುಡ ಮುಟ್ಟುವಷ್ಟರಲ್ಲೇ ಸಾಹೇಬರಿಗೆ ಎರಡು ಸಂಗತಿ ಗೊತ್ತಾದವು. ಹದಿಮೂರು ತಿಂಗಳಲ್ಲಿ ಅವರು ಒಮ್ಮೆಯೂ ಬ್ರೇಕ್ ಹಿಡಿದಿರಲಿಲ್ಲ. ತಿರುವಿನಲ್ಲಿ ಸೈಕಲ್ಲು ವಾಲುತ್ತದೆ ಎಂಬುದನ್ನು ಮೈ ಮರೆತಿತ್ತು. ಬಳಗದವರು ಗರುಡ ಯಾರೆಂದು ಗುರುತಿಸುವ ಮೊದಲೇ ಮುಂದೆ ಹೋಗಿಬಿಟ್ಟಿದ್ದರು, ಅದೊಂದು ಪುಣ್ಯ. ಏರು ಶುರುವಾಯಿತು. ಒಂದು ಫರ್ಲಾಂಗು ತುಳಿದರು. ಆಮೇಲೆ ಗುಡ್ಡವೇ ಅವರನ್ನು ತುಳಿಯಿತು. ಇಳಿದು ತಳ್ಳಿಕೊಂಡು ಹೋಗುತ್ತಿದ್ದಾಗ ಹಿಂದಿನಿಂದ ಗಂಟೆಯ ಸದ್ದು ಕೇಳಿಸಿತು. ಹೆಂಡತಿ ಸೀಟಿನಿಂದ ಎದ್ದು ನಿಂತು ತುಳಿಯುತ್ತ ಪಕ್ಕಕ್ಕೆ ಬಂದಳು. “ಯಾಕ್ರೀ, ಕರೆಂಟ್ ಹೋಯ್ತಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋದಳು.

ಗುಡ್ಡದ ತುದಿಯಲ್ಲಿ ವ್ಯಾನೊಂದು ನಿಂತಿತ್ತು. ಚಹಾದ ಫ್ಲಾಸ್ಕು, ಬನ್ನುಗಳ ತಟ್ಟೆ, ಅವುಗಳ ಪಕ್ಕ ಹಿಟ್ಟಿನ ಮೂಟೆ ತೂಗುವ ನೆಲದ ತಕ್ಕಡಿ. “ಉಳಿದಿರೋದು ಗರುಡ ಒಬ್ಬರೇ, ನಾನು ಕೊಕ್ಕರೆ” ಎನ್ನುತ್ತ ಅದರ ಬಳಿಯಿಂದ ತಿರುಗಿದವನನ್ನು ನೋಡಿ ಸಾಹೇಬರು ಸೈಕಲ್ಲು ಹಿಡಿದಲ್ಲೇ ನಿಂತರು. ಬೇಕರಿಯವನು.

ಬೇಕರಿಯವನೂ ಬೆಚ್ಚಿದ. ಆದರೆ ತಡವರಿಸಲಿಲ್ಲ. ಭಾರದ ಮೈಯವರಿಗೆ ಹತ್ತುವುದು ಕಷ್ಟ, ಅವರಿಗೆ ಅನ್ಯಾಯವಾಗಬಾರದು, ಅದಕ್ಕೇ ಎಲ್ಲರನ್ನೂ ತೂಗಿ, ತೂಕಕ್ಕೆ ತಕ್ಕ ರಿಯಾಯಿತಿ ಕೊಟ್ಟು ಗೆದ್ದವರನ್ನು ನಿರ್ಧರಿಸುತ್ತಿದ್ದೇವೆ ಎಂದು ವಿವರಿಸಿದ. ಕೈಯಲ್ಲಿದ್ದ ಕಾಗದದಲ್ಲಿ ಎಲ್ಲರ ತೂಕವನ್ನೂ ಯಂತ್ರದ ಬಳಗದ ಪಟ್ಟಿಯಿಂದ ಇಳಿಸಿಕೊಂಡಿದ್ದ. ಗರುಡನ ಎದುರಿಗೆ ಅರವತ್ತನಾಲ್ಕು. ಅವನು ಅದನ್ನೊಮ್ಮೆ, ಸಾಹೇಬರ ಹಳದಿ ಹೊಟ್ಟೆಯನ್ನೊಮ್ಮೆ ನೋಡಿದ.

“ಬನ್ನಿ ಸಾಹೇಬ್ರೇ. ತಕ್ಕಡಿ ಬಗ್ಗೆ ಅನುಮಾನ ಬೇಡ. ಹೋದ ತಿಂಗಳು ನೀವೇ ಮುದ್ರೆ ಹಾಕಿದ್ದು.”

ಹೌದು, ಸೀಸದ ಬಿಲ್ಲೆಯ ಮೇಲೆ ಅವರದೇ ಗುರುತು ಇತ್ತು. ತಕ್ಕಡಿ ಸುಳ್ಳು ಎಂದರೆ ಮುದ್ರೆ ಸುಳ್ಳು, ಮುದ್ರೆ ಸುಳ್ಳೆಂದರೆ ಇಪ್ಪತ್ತಮೂರು ವರ್ಷ ಸುಳ್ಳು. ಸಾಹೇಬರು ಬಗ್ಗಿದರು. ಆಗ ಅವರಿಗೊಂದು ವಿಷಯ ಕಂಡಿತು, ಬೇರೆ ಯಾರಿಗೂ ಕಾಣದ್ದು. ವ್ಯಾನಿನಲ್ಲಿ ಕುಲುಕಾಡಿದ್ದಕ್ಕೋ ಏನೋ, ತಕ್ಕಡಿಯ ಮುಳ್ಳು ಸೊನ್ನೆಯ ಮೇಲೆ ಇರಲಿಲ್ಲ. ಒಂದು ಗೆರೆ ಹಿಂದಿತ್ತು. ಅಂದರೆ ಅರ್ಧ ಕಿಲೋ ಕಡಿಮೆ ತೋರಿಸುತ್ತದೆ. ಸೊನ್ನೆಯಲ್ಲಿಲ್ಲದ ತಕ್ಕಡಿಯಲ್ಲಿ ಏನನ್ನೂ ತೂಗುವಂತಿಲ್ಲ. ಹಾಗೆಂದು ಒಂದು ಮಾತು ಹೇಳಿದರೆ ಮುಗಿಯಿತು, ತೂಗುವುದು ನಿಲ್ಲುತ್ತದೆ, ಚಹಾ ಕುಡಿದು ಇಳಿಯಬಹುದು. ನಿಯಮವೇ ಅವರ ಪಕ್ಕದಲ್ಲಿತ್ತು, ಕಿರೀಟವೂ ಉಳಿಯುತ್ತಿತ್ತು.

ಬಾಯಿ ತೆರೆದರು. ಆದರೆ ಕೈ ಕೇಳಲಿಲ್ಲ. ಇಪ್ಪತ್ತಮೂರು ವರ್ಷದ ಕೈ. ಅದು ಸುಮ್ಮನೆ ಹೋಗಿ ಪಕ್ಕದ ತಿರುಪನ್ನು ಹುಡುಕಿ, ಉಗುರಿನಿಂದ ಕಾಲು ಸುತ್ತು ತಿರುಗಿಸಿ, ಮುಳ್ಳನ್ನು ಸೊನ್ನೆಗೆ ತಂದು ನಿಲ್ಲಿಸಿತು. ತನ್ನ ಕೈಯಾರೆ ತಾನು ಅರ್ಧ ಕಿಲೋ ಹೆಚ್ಚಾದ ಮನುಷ್ಯನನ್ನು ಆ ಗುಡ್ಡ ಹಿಂದೆಂದೂ ನೋಡಿರಲಾರದು. ಸಾಹೇಬರು ಬೂಟು ಕಳಚಿ ಮೇಲೆ ನಿಂತರು.

“ಎಂಬತ್ತೈದೂವರೆ,” ಎಂದರು, ಯಾರೂ ಓದುವ ಮೊದಲೇ. “ಬರ್ಕೋ.”

ಬಳಗದವರು ಆಕಾಶ, ಟ್ಯಾಂಕು, ಬನ್ನು ನೋಡಿದರು. ಬೇಕರಿಯವನು ಪೆನ್ನು ಹಿಡಿದು, ಇಲ್ಲಿ ಬೇರೆ ಇದೆಯಲ್ಲ, ನಿಮಗೆ ಗೊತ್ತಿರಲಿಲ್ಲವೇನೋ ಎಂದು ಮೆಲ್ಲಗೆ ದಾರಿ ಬಿಟ್ಟುಕೊಟ್ಟ. ಅವನು ಚುಚ್ಚಿದನೋ ಕಾಪಾಡಿದನೋ ಸಾಹೇಬರಿಗೆ ತಿಳಿಯಲಿಲ್ಲ.

“ಮೊದಲ ಐದು ದಿನ ಗೊತ್ತಿರ್ಲಿಲ್ಲ,” ಎಂದರು. “ಆಮೇಲಿನ ಹದಿಮೂರು ತಿಂಗಳು ಗೊತ್ತಿತ್ತು. ಕಿರೀಟ ಎಲ್ಲ ನಿಂದೇ, ತಗೋ.”

ರಿಯಾಯಿತಿಯ ಲೆಕ್ಕ ಹಾಕಿದಾಗ ನಿಜವಾದ ತೂಕದಿಂದ ಅವರಿಗೆ ಲಾಭವೇ ಆಯಿತು. ಕೊನೆಯವರಾಗಿ ಬಂದವರು ಕೊನೆಯಿಂದ ಎರಡನೆಯವರಾದರು. ಬೇಕರಿಯವನು ತಟ್ಟೆ ಮುಂದೆ ಹಿಡಿದ. ಸಾಹೇಬರು ಒಂದು ಬನ್ನು ಎತ್ತಿಕೊಂಡರು; ಅಂಗೈ ತಾನಾಗಿಯೇ ಅದನ್ನು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಆಡಿಸಿತು. ಬೇಕರಿಯವನ ನಗು ಅರ್ಧಕ್ಕೆ ನಿಂತಿತು.

“ತೂಕ ಸರಿಯಾಗಿದೆ,” ಎಂದರು ಸಾಹೇಬರು.

“ತಿನ್ರೀ ಸಾಕು,” ಎಂದಳು ಹೆಂಡತಿ. “ಇಳಿಯೋದಿದೆ. ಬ್ರೇಕ್ ಎಲ್ಲಿದೆ ಅಂತ ತೋರಿಸ್ತೀನಿ.”